ದನಗಳ ರಹದಾರಿ

ಬೆಳಗಾವಿಯಿಂದ ಕೊಲ್ಹಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಹುಕ್ಕೇರಿ ತಾಲ್ಲೂಕಿಗೆ ಸೇರಿದ ಹತ್ತರಗಿ ಎಂಬ ಊರಿದೆ. ಇಂದಿನ ಪ್ರಯಾಣಿಕರು ಈ ಊರನ್ನು ಬಲ್ಲುದು ಅಲ್ಲಿನ ಸುಂಕದ ಕಟ್ಟೆಯಿಂದ. ಪುಣೆಗೂ ಬೆಂಗಳೂರಿಗೂ ನಡುವೆ ಓಡುವ ಲಾರಿಗಳು ಇಲ್ಲಿ ಕ್ಷಣಕಾಲ ವೇಗವನ್ನು ತಗ್ಗಿಸಿ, ಸುಂಕ ತೆತ್ತು, ಮತ್ತೆ ಮುಂದಕ್ಕೆ ಧಾವಿಸುತ್ತವೆ. ಒಂದು ಸಂಜೆ ನಾವು ಅಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ ಎಮ್ಮೆಗಳನ್ನು ಹೇರಿದ ಲಾರಿಯೊಂದು ಬಂದು ನಿಂತಿತು. ಹಲಗೆಗಳ ಸಂದಿನಿಂದ ಒಂದು ಎಮ್ಮೆ ನಮ್ಮನ್ನು ನೋಡುತ್ತಿತ್ತು. ಒದ್ದೆಯಾದ ಮೂಗು, ಹೊಳೆಯುವ ಕಣ್ಣು, ನಿಧಾನವಾಗಿ ಮೆಲುಕಾಡುತ್ತಿದ್ದ ಬಾಯಿ: ಆರೋಗ್ಯದ ಲಕ್ಷಣಗಳೆಂದು ನಮ್ಮ ಹಿರಿಯರು ಹೇಳುವುದೆಲ್ಲವೂ ಅದರಲ್ಲಿದ್ದವು. ಅರ್ಧ ನಿಮಿಷದಲ್ಲಿ ಲಾರಿ ಹೊರಟುಹೋಯಿತು.

ಆ ಎಮ್ಮೆಗೆ ರೋಗವಿರಲಿಲ್ಲವೆಂದು ನಾವು ಹೇಳಬಲ್ಲೆವೇ? ಈ ಪ್ರಶ್ನೆ ಸುಲಭವಾಗಿ ತೋರಿದರೂ ಇದರ ಉತ್ತರ ಸುಲಭವಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ದನಗಳನ್ನು ಸಾಗಿಸುವ ವಿಷಯದಲ್ಲಿ ಸರ್ಕಾರಗಳು ಮಾಡಿರುವ ಕಟ್ಟಳೆಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಹೆಣೆದುಕೊಂಡಿವೆ. ದನಗಳ ಸಾಗಾಟದ ಬಗ್ಗೆ ಬೇರೆ ಉದ್ದೇಶಗಳ ಕಾನೂನುಗಳೂ ಉಂಟು; ಅವು ಇಲ್ಲಿ ನಮಗೆ ವಿಷಯವಲ್ಲ. ನಾವು ರೋಗವನ್ನು ಕುರಿತು ಮಾತ್ರ ಮಾತನಾಡುವೆವು. ಭೌತವಿಜ್ಞಾನವನ್ನು ಪಾಠ ಹೇಳುವವರಿಗೆ ದನಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ಕಟ್ಟಳೆಗಳ ತಿರುಳು ಔಷಧದಲ್ಲಿಲ್ಲ, ಕಾಲದ ಲೆಕ್ಕದಲ್ಲಿದೆ ಎಂಬುದೇ ನಮ್ಮ ಸಮಾಧಾನ.

ಮೊದಲು ನಮಗೆ ಈ ಲೆಕ್ಕ ಹೇಗೆ ತಟ್ಟಿತೆಂಬುದನ್ನು ಹೇಳಬೇಕು. ಗೋಕಾಕ ತಾಲ್ಲೂಕಿನಲ್ಲಿ ನಮ್ಮ ಬಂಧುಗಳ ಮನೆಯೊಂದಿದೆ. 2022ರ ಶ್ರಾವಣದಲ್ಲಿ ಅವರು ಗಡಿಯಾಚೆಯ ಪೇಟೆಯೊಂದರಿಂದ ಖಿಲಾರಿ ತಳಿಯ ಎತ್ತುಗಳ ಜೋಡಿಯನ್ನು ಕೊಂಡು ತಂದರು. ಎತ್ತರವಾದ ನಿಲುವು, ಹಿಂದಕ್ಕೆ ಬಾಗಿ ಮೇಲೇರಿದ ಕೋಡು. ಓಣಿಯವರೆಲ್ಲ ಬಂದು ನೋಡಿಹೋದರು. ಪಶುವೈದ್ಯರು ಕೊಟ್ಟ ಆರೋಗ್ಯಪತ್ರವೂ ಜೊತೆಯಲ್ಲಿತ್ತು. ಬಂದ ದಿನವೇ ಅವುಗಳನ್ನು ಮನೆಯ ಆಕಳಿನ ಪಕ್ಕದಲ್ಲಿ, ಒಂದೇ ಗೋದಲೆಗೆ ಕಟ್ಟಿದರು. ಎಂಟನೆಯ ದಿನ ಒಂದು ಎತ್ತಿಗೆ ಜ್ವರ ಬಂತು. ಹತ್ತನೆಯ ದಿನದ ಹೊತ್ತಿಗೆ ಅದರ ಕುತ್ತಿಗೆ ಬೆನ್ನುಗಳ ಮೇಲೆ ನಿಂಬೆಯ ಗಾತ್ರದ ಗಂಟುಗಳೆದ್ದವು. ಎತ್ತು ಕೊರಗಿ ಕೊರಗಿ ಹೇಗೋ ಉಳಿಯಿತು. ಆದರೆ ಎರಡು ವಾರಗಳ ಬಳಿಕ ಆಕಳಿಗೆ ಅದೇ ರೋಗ ಬಂದು, ಅದು ಮೂರು ತಿಂಗಳ ಕರುವನ್ನು ಬಿಟ್ಟು ಸತ್ತುಹೋಯಿತು. ಮನೆಯ ಯಜಮಾನರು ಆ ಆರೋಗ್ಯಪತ್ರವನ್ನು ನಮ್ಮ ಮುಂದೆ ಹಿಡಿದು, “ಇದು ಸುಳ್ಳು ಕಾಗದವಲ್ಲವೇ?” ಎಂದು ಕೇಳಿದರು. ನಾವು ಅದನ್ನು ಎರಡು ಸಲ ಓದಿದೆವು. ಅದರಲ್ಲಿ ಬರೆದಿದ್ದ ಪ್ರತಿಯೊಂದು ಮಾತೂ, ಬರೆದ ದಿನದ ಮಟ್ಟಿಗೆ, ನಿಜವಾಗಿತ್ತು.

ಆ ರೋಗದ ಹೆಸರು ಚರ್ಮಗಂಟು ರೋಗ. 1929ರಲ್ಲಿ ಆಫ್ರಿಕಾದ ಉತ್ತರ ರೊಡೇಷಿಯದಲ್ಲಿ, ಎಂದರೆ ಇಂದಿನ ಜಾಂಬಿಯದಲ್ಲಿ, ಇದನ್ನು ಮೊದಲು ಗುರುತಿಸಲಾಯಿತು. ಆಡಿನ ಸಿಡುಬು, ಕುರಿಯ ಸಿಡುಬುಗಳನ್ನುಂಟುಮಾಡುವ ವೈರಸ್ಸುಗಳ ಹತ್ತಿರದ ಸಂಬಂಧಿಯೇ ಇದಕ್ಕೂ ಕಾರಣ. ಹಲವು ದಶಕಗಳ ಕಾಲ ಆಫ್ರಿಕಾ ಖಂಡದಲ್ಲಿಯೇ ಇದ್ದ ಈ ರೋಗ ಮೆಲ್ಲಗೆ ಪಶ್ಚಿಮ ಏಷ್ಯಕ್ಕೆ ದಾಟಿ, 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ನಮ್ಮ ದೇಶದಲ್ಲಿ ಇದರಿಂದ ಸತ್ತ ದನಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ರಾಜಸ್ಥಾನದ ಪಾಡಂತೂ ಅತ್ಯಂತ ದಾರುಣವಾಗಿತ್ತು. ಈ ವೈರಸ್ಸನ್ನು ಒಂದು ದನದಿಂದ ಇನ್ನೊಂದಕ್ಕೆ ಮುಖ್ಯವಾಗಿ ಒಯ್ಯುವುವು ಕಚ್ಚುವ ನೊಣ, ಸೊಳ್ಳೆ ಮತ್ತು ಉಣ್ಣೆಗಳು.

ಸೋಂಕು ತಗುಲಿದ ಗಳಿಗೆಗೂ ರೋಗ ಕಣ್ಣಿಗೆ ಕಾಣುವ ಗಳಿಗೆಗೂ ನಡುವೆ ಒಂದು ಅಂತರವಿರುತ್ತದೆ. ಕೋಳಿ ಮೊಟ್ಟೆಯ ಮೇಲೆ ಕೂತ ದಿನವೇ ಮರಿ ಹೊರಬರುವುದಿಲ್ಲವಷ್ಟೆ. ಹಾಗೆಯೇ ರೋಗಕ್ಕೂ ಒಂದು ಕಾವಿನ ಅವಧಿಯುಂಟು. ಒಳಗೆ ವೈರಸ್ ಕೋಟಿಗಟ್ಟಲೆ ಬೆಳೆಯುತ್ತಿದ್ದರೂ ಹೊರಗೆ ದನ ಮೆಲುಕಾಡುತ್ತ ನಿಂತಿರುವುದು. ಖಗೋಳವಿಜ್ಞಾನವನ್ನು ಓದಿದವರಿಗೆ ಈ ವಿಚಾರ ಹೊಸದಲ್ಲ. ಸೂರ್ಯನ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕು. ಆದುದರಿಂದ ನಾವು ಕಾಣುವುದು ಈಗಿನ ಸೂರ್ಯನನ್ನಲ್ಲ, ಎಂಟು ನಿಮಿಷಗಳ ಹಿಂದಿನ ಸೂರ್ಯನನ್ನು. ದನದ ಮೈಯನ್ನು ಪರೀಕ್ಷಿಸುವ ವೈದ್ಯರೂ ಹೀಗೆಯೇ ಹಳೆಯ ಸುದ್ದಿಯನ್ನೇ ಓದುತ್ತಾರೆ. ಇಂದು ಗಂಟು ಕಂಡರೆ ಹತ್ತು ದಿನಗಳ ಹಿಂದೆ ಸೋಂಕು ತಗುಲಿತೆಂದು ಅರ್ಥ. ಇಂದು ಏನೂ ಕಾಣದಿದ್ದರೆ ಹತ್ತು ದಿನಗಳ ಹಿಂದೆ ಸೋಂಕು ಇರಲಿಲ್ಲವೆಂದು ಅರ್ಥವೇ ಹೊರತು, ಇಂದು ಇಲ್ಲವೆಂದಲ್ಲ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಒಂದು ದನದ ಪೇಟೆಯಲ್ಲಿ ಸೋಂಕು ಹರಡುತ್ತಿದೆ. ಪ್ರತಿ ಐದು ದಿನಗಳಿಗೊಮ್ಮೆ ಸೋಂಕು ತಗುಲಿದ ದನಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಕಾವಿನ ಅವಧಿ ಹತ್ತು ದಿನ ಎಂದಿಟ್ಟುಕೊಳ್ಳಿರಿ. ಹತ್ತು ದಿನಗಳ ಹಿಂದೆ ಸೋಂಕಿದ್ದ ದನ ಒಂದು. ಐದು ದಿನಗಳ ಹಿಂದೆ ಅವು ಎರಡಾದುವು. ಇಂದು ನಾಲ್ಕಾಗಿವೆ. ಆದರೆ ಇಂದು ಕಣ್ಣಿಗೆ ಕಾಣುವ ರೋಗಿ ಒಂದೇ, ಹತ್ತು ದಿನ ತುಂಬಿದ ಮೊದಲನೆಯದು. ಉಳಿದ ಮೂರೂ ಹಲಗೆಯ ಸಂದಿನಿಂದ ನಮ್ಮನ್ನು ನೋಡಿದ ಎಮ್ಮೆಯಂತೆಯೇ ಹೊಳೆಯುವ ಕಣ್ಣಿನವು. ಕಾಣುವ ಒಂದಕ್ಕೆ ಕಾಣದ ಮೂರು! ಪರೀಕ್ಷಕರು ಎಷ್ಟೇ ಚತುರರಾಗಿರಲಿ, ಕಣ್ಣೊಂದನ್ನೇ ನಂಬಿದರೆ ನಾಲ್ಕರಲ್ಲಿ ಮೂರು ದನಗಳು ಅವರನ್ನು ದಾಟಿಹೋಗುವುವು. ನಿಜವಾದ ಅಂಕಿಗಳು ರೋಗದಿಂದ ರೋಗಕ್ಕೆ, ಊರಿನಿಂದ ಊರಿಗೆ ಬೇರೆಯಾಗುತ್ತವೆ. ಲೆಕ್ಕದ ರೀತಿ ಮಾತ್ರ ಇದೇ.

ಹಿಂದಿನ ಕಾಲದಲ್ಲಿ ಈ ತೊಡಕು ಇಷ್ಟು ಉಗ್ರವಾಗಿರಲಿಲ್ಲ. ದನಗಳು ತಮ್ಮ ಕಾಲ ಮೇಲೆಯೇ ನಡೆದು ಬರುತ್ತಿದ್ದುವು. ದಿನಕ್ಕೆ 20 ಕಿಲೋಮೀಟರಿನಂತೆ ನಡೆದರೆ, ಹತ್ತು ದಿನಗಳ ಕಾವು ಮುಗಿಯುವ ವೇಳೆಗೆ ಹಿಂಡು ಸಾಗುತ್ತಿದ್ದುದು 200 ಕಿಲೋಮೀಟರು, ಕೊಲ್ಹಾಪುರದಿಂದ ಪುಣೆಗಿರುವಷ್ಟು ದೂರವೂ ಅಲ್ಲ. ದೂರದ ಊರಿಗೆ ಹೊರಟ ರೋಗಿ ದಾರಿಯ ತಂಗುದಾಣದಲ್ಲಿಯೇ ಕುಸಿಯುತ್ತಿತ್ತು. ಹೊಸ ಊರಿನವರು ಅದನ್ನು ಕಾಣುವ ಮೊದಲೇ ದಾರಿಯೇ ಅದನ್ನು ಪರೀಕ್ಷಿಸಿರುತ್ತಿತ್ತು. ಈಗ ಲಾರಿ ಗಂಟೆಗೆ 40 ಕಿಲೋಮೀಟರಿನ ಸಾಧಾರಣ ವೇಗದಲ್ಲಿ ಒಂದೇ ರಾತ್ರಿ 400 ಕಿಲೋಮೀಟರು ಕ್ರಮಿಸುವುದು. ವೈರಸ್ಸಿನ ಕಾವು ಮೊದಲಿನಷ್ಟೇ ಇದೆ. ಹೆಚ್ಚಿದ್ದು ಚಕ್ರದ ವೇಗ. ದನ ಒಂದು ರಾಜ್ಯದಲ್ಲಿ ಸೋಂಕು ಪಡೆದು, ಎರಡನೆಯದನ್ನು ದಾಟಿ, ಮೂರನೆಯದರಲ್ಲಿ ರೋಗಿಯಾಗುವುದು ಈಗ ಸಾಧ್ಯವಾಗಿದೆ.

ಇದರ ಪರಿಣಾಮವೆಷ್ಟು ಭೀಕರವಾಗಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಒಂದು ನಿದರ್ಶನವಿದೆ. 2001ರ ಫೆಬ್ರುವರಿ 20ರ ಸುಮಾರಿಗೆ ಎಸೆಕ್ಸ್ ಪ್ರಾಂತದ ಒಂದು ಕಸಾಯಿಖಾನೆಯ ಹಂದಿಗಳಲ್ಲಿ ಕಾಲುಬಾಯಿ ಜ್ವರವಿರುವುದು ಖಚಿತವಾಯಿತು. ಮೂರೇ ದಿನಗಳಲ್ಲಿ ಸರ್ಕಾರವು ದೇಶದಲ್ಲೆಲ್ಲ ಪ್ರಾಣಿಗಳ ಸಾಗಾಟವನ್ನು ನಿಲ್ಲಿಸಿತು. ಸರ್ಕಾರವೊಂದು ಇಷ್ಟು ಚುರುಕಾಗಿ ನಡೆದುಕೊಂಡದ್ದು ಮೆಚ್ಚತಕ್ಕದ್ದೇ. ಆದರೆ ಅಷ್ಟರಲ್ಲಿ ಉತ್ತರದ ಸಂತೆಗಳಿಂದ ಹೊರಟ ಕುರಿಗಳು ಐವತ್ತಕ್ಕೂ ಹೆಚ್ಚು ಕಡೆ ಸೋಂಕನ್ನು ಬಿತ್ತಿ ಆಗಿತ್ತು. ಕುರಿಗಳಲ್ಲಿ ಈ ರೋಗದ ಲಕ್ಷಣ ಬಹಳ ಮಂದ. ಕುಂಟುವ ಕುರಿಯನ್ನು ಕಂಡರೆ ಕಾಲಿಗೆ ಮುಳ್ಳು ನೆಟ್ಟಿರಬೇಕೆಂದು ತಿಳಿಯುವವರೇ ಹೆಚ್ಚು. ಆ ವರ್ಷ ಅಲ್ಲಿ ರೋಗ ತಡೆಗಾಗಿ ಕೊಂದು ಸುಟ್ಟು ಹೂತ ಪ್ರಾಣಿಗಳ ಸಂಖ್ಯೆ 60 ಲಕ್ಷವನ್ನು ಮೀರಿತು.

ಹಾಗಾದರೆ ಮಾಡತಕ್ಕದ್ದೇನು? ಕಣ್ಣು ಕಾಣಲಾರದ್ದನ್ನು ಎರಡು ಬಗೆಯಿಂದ ತಿಳಿಯಬಹುದು. ದನದ ಹಿಂದಿನ ದಿನಗಳ ಚರಿತ್ರೆಯನ್ನು ವಿಚಾರಿಸುವುದು ಒಂದು. ದನವನ್ನು ಬೇರೆಯಾಗಿ ಕಟ್ಟಿ ಮುಂದಿನ ದಿನಗಳನ್ನು ಕಾಯುವುದು ಇನ್ನೊಂದು. ಕಾಯುವ ಕ್ರಮ ಬಹಳ ಹಳೆಯದು. 1377ರಲ್ಲಿ ಏಡ್ರಿಯಾಟಿಕ್ ಕಡಲ ತೀರದ ರಗೂಸಾ ನಗರವು ಪ್ಲೇಗಿನ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೇ ನಿಲ್ಲಿಸಿತು. ಮುಂದೆ ಅದು ನಲವತ್ತು ದಿನಗಳಾಗಿ, ಇಟಲಿಯ ನಲವತ್ತು ಎಂಬ ಮಾತಿನಿಂದಲೇ ಕ್ವಾರಂಟೈನ್ ಎಂಬ ಪದ ಹುಟ್ಟಿತು. ಸೂಕ್ಷ್ಮಜೀವಿಗಳೆಂದರೇನೆಂದು ತಿಳಿಯದ ಕಾಲದಲ್ಲಿ ಅವರು ಸಂಖ್ಯೆಯನ್ನು ಊಹೆಯಿಂದ ಆರಿಸಿದರು. ಇಂದು ಪ್ರಾಣಿ ಆರೋಗ್ಯದ ವಿಶ್ವಸಂಸ್ಥೆಯು ಒಂದೊಂದು ರೋಗಕ್ಕೂ ಗರಿಷ್ಠ ಕಾವಿನ ಅವಧಿಯನ್ನು ಗೊತ್ತುಮಾಡಿದೆ: ಕಾಲುಬಾಯಿ ಜ್ವರಕ್ಕೆ 14 ದಿನ, ದೊಡ್ಡರೋಗಕ್ಕೆ 21 ದಿನ, ಚರ್ಮಗಂಟು ರೋಗಕ್ಕೆ 28 ದಿನ. ಎಲ್ಲ ದನಗಳಿಗೂ ಇಷ್ಟು ದಿನ ಬೇಕೆಂದಲ್ಲ, ಬಹುಪಾಲಿನಲ್ಲಿ ರೋಗ ಇದಕ್ಕಿಂತ ಬೇಗನೆ ಹೊರಬೀಳುವುದು. ಎಲ್ಲಕ್ಕಿಂತ ನಿಧಾನವಾದ ದನವನ್ನೂ ಬಲೆಗೆ ಬೀಳಿಸುವಂತೆ ಈ ಸಂಖ್ಯೆಗಳನ್ನು ಇರಿಸಲಾಗಿದೆ.

ನಮ್ಮ ದೇಶದ ಕಟ್ಟಳೆಗಳನ್ನು ಈ ಬೆಳಕಿನಲ್ಲಿ ಓದಿದರೆ ಅವು ಒಣ ಕಾನೂನಾಗಿ ತೋರುವುದಿಲ್ಲ. 1978ರ ಪ್ರಾಣಿ ಸಾಗಾಟದ ನಿಯಮಗಳ ಪ್ರಕಾರ ದನವನ್ನು ರೈಲಿನಲ್ಲಾಗಲಿ ಲಾರಿಯಲ್ಲಾಗಲಿ ಒಯ್ಯಬೇಕಾದರೆ, ಅದು ಪ್ರಯಾಣಕ್ಕೆ ಶಕ್ತವೆಂದೂ ಅಂಟುರೋಗದಿಂದ ನರಳುತ್ತಿಲ್ಲವೆಂದೂ ಅರ್ಹ ಪಶುವೈದ್ಯರ ಪ್ರಮಾಣಪತ್ರ ಬೇಕು. ಪತ್ರವಿಲ್ಲದಿದ್ದರೆ ಸಾಗಿಸುವವನು ಸರಕನ್ನು ಒಪ್ಪಿಕೊಳ್ಳಕೂಡದು. ಇದು ಕಣ್ಣಿನ ಪರೀಕ್ಷೆ. ಇದರ ಮಿತಿಯನ್ನು ಮೇಲೆಯೇ ನೋಡಿದೆವು. ರೋಗ ಹರಡುವ ಕಾಲಕ್ಕೆ ಇದು ಸಾಲದು. ಹಿಂದೆ ಒಂದೊಂದು ರಾಜ್ಯಕ್ಕೂ ತನ್ನದೇ ಆದ ಕಾನೂನಿತ್ತು. ಗಡಿಯ ಈಚೆ ಒಂದು ಕ್ರಮ, ಆಚೆ ಇನ್ನೊಂದು. 2009ರಲ್ಲಿ ಸಂಸತ್ತು ಪ್ರಾಣಿಗಳ ಅಂಟುರೋಗಗಳ ನಿವಾರಣೆ ಮತ್ತು ಹತೋಟಿಗಾಗಿ ಇಡೀ ದೇಶಕ್ಕೆ ಅನ್ವಯಿಸುವ ಒಂದು ಅಧಿನಿಯಮವನ್ನು ಮಾಡಿತು. ಅದರ ಪ್ರಕಾರ ರೋಗದ ಸಂಶಯ ಬಂದ ಕೂಡಲೇ ದನದ ಒಡೆಯನು ತಿಳಿಸಬೇಕು, ರೋಗಿಯನ್ನು ಬೇರ್ಪಡಿಸಬೇಕು. ಸರ್ಕಾರವು ಒಂದು ಪ್ರದೇಶವನ್ನು ‘ನಿಯಂತ್ರಿತ ಪ್ರದೇಶ’ವೆಂದು ಸಾರಬಹುದು, ಹಾಗೆ ಸಾರಿದ ಮೇಲೆ ಆ ಜಾತಿಯ ಪ್ರಾಣಿ ಅನುಮತಿಯಿಲ್ಲದೆ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. ಸಂತೆ ಜಾತ್ರೆಗಳನ್ನು ತಡೆಯಬಹುದು. ಗಡಿಗಳಲ್ಲಿ ತಪಾಸಣೆಯ ಠಾಣೆಗಳನ್ನೂ ಕ್ವಾರಂಟೈನ್ ಶಿಬಿರಗಳನ್ನೂ ತೆರೆಯಬಹುದು. ದನ ಹೇರುವ ವಾಹನವನ್ನು ಹೇರುವ ಮೊದಲೂ ಇಳಿಸಿದ ಮೇಲೂ ತೊಳೆದು ಸೋಂಕು ಕಳೆಯಬೇಕು. ಈ ಕೊನೆಯ ಮಾತು ಹೆಚ್ಚು ಜನರಿಗೆ ತಿಳಿಯದು. ಚರ್ಮಗಂಟಿನಿಂದ ಉದುರಿದ ಒಣ ಹಕ್ಕಳೆಯಲ್ಲಿ ವೈರಸ್ ಒಂದು ತಿಂಗಳಿಗೂ ಮೀರಿ ಬದುಕಿರಬಲ್ಲುದು. ದನ ಇಳಿದರೂ ಲಾರಿಯ ಹಲಗೆ ಇಳಿಯುವುದಿಲ್ಲ!

2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರವು ಚರ್ಮಗಂಟು ರೋಗದ ಸಂಬಂಧವಾಗಿ ಇಡೀ ರಾಜ್ಯವನ್ನೇ ನಿಯಂತ್ರಿತ ಪ್ರದೇಶವೆಂದು ಸಾರಿತು. ನಮ್ಮ ರಾಜ್ಯದಲ್ಲಿಯೂ ಆ ವರ್ಷ ಅನೇಕ ಜಿಲ್ಲೆಗಳಲ್ಲಿ ದನದ ಸಂತೆ ಜಾತ್ರೆಗಳು ನಿಂತುವು. ನಮ್ಮ ಬಂಧುಗಳ ಎತ್ತುಗಳು ಇದಕ್ಕೆ ಕೆಲವೇ ವಾರಗಳ ಮೊದಲು ದಾಟಿ ಬಂದಿದ್ದುವು.

ಗಡಿಯ ಊರುಗಳಲ್ಲಿ ಇಂಥ ಆಜ್ಞೆಯನ್ನು ನಡೆಸುವುದು ಎಷ್ಟು ಕಷ್ಟವೆಂಬುದನ್ನು ಈ ಸೀಮೆಯ ಬಾಳನ್ನು ಬಲ್ಲವರೇ ಬಲ್ಲರು. 1956ರವರೆಗೆ ಬೆಳಗಾವಿಯೂ ಕೊಲ್ಹಾಪುರವೂ ಮುಂಬಯಿ ರಾಜ್ಯಕ್ಕೇ ಸೇರಿದ್ದುವು. ಬೀಗತನ, ಬೇಸಾಯ, ದೇವರು, ಪೇಟೆ ಎಲ್ಲವೂ ಗೆರೆಯ ಎರಡೂ ಕಡೆಗೆ ಹರಡಿವೆ. ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಹೋಗುವುದು ಇಲ್ಲಿಯವರಿಗೆ ಪರರಾಜ್ಯದ ಪ್ರಯಾಣವೇ ಅಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಭಕ್ತರು ಎತ್ತಿನ ಗಾಡಿಗಳನ್ನು ಕಟ್ಟಿಕೊಂಡು ಬರುವರು. ಇನ್ನು ಕಬ್ಬಿನ ಹಂಗಾಮು. ಮಳೆಗಾಲ ಮುಗಿಯುತ್ತಲೇ ಬೀಡ ಜಿಲ್ಲೆಯಿಂದ, ವಿಜಯಪುರದ ಒಣಸೀಮೆಯಿಂದ, ಕಬ್ಬು ಕಡಿಯುವವರು ಹೆಂಡಿರು ಮಕ್ಕಳೊಡನೆ, ಎತ್ತು ಗಾಡಿಗಳೊಡನೆ ಕೊಲ್ಹಾಪುರ ಬೆಳಗಾವಿಗಳ ಸಕ್ಕರೆ ಕಾರ್ಖಾನೆಗಳ ಸುತ್ತ ಬಂದು ಬಿಡಾರ ಹೂಡುತ್ತಾರೆ. ಹಲವು ಊರುಗಳ ಎತ್ತುಗಳು ತಿಂಗಳುಗಟ್ಟಲೆ ಒಂದೇ ಬಯಲಿನಲ್ಲಿ ಕೊಂಬಿಗೆ ಕೊಂಬು ತಾಗಿಸಿ ನಿಲ್ಲುವುವು. ಒಂದೇ ಹಳ್ಳದ ನೀರು, ಒಂದೇ ನೊಣದ ದಂಡು. ಎತ್ತನ್ನು 28 ದಿನ ಬೇರೆ ಕಟ್ಟು ಎಂದು ಇವರಿಗೆ ಹೇಳುವುದು, 28 ದಿನ ಉಪವಾಸವಿರು ಎಂದು ಹೇಳಿದಂತೆಯೇ. ಮುಂಗಡ ಹಣವನ್ನು ಪಡೆದು ಬಂದವರು ಅವರು. ಕಟ್ಟಳೆಯನ್ನು ಬರೆಯುವವರು ಈ ಬಿಡಾರಗಳನ್ನು ಒಮ್ಮೆ ನೋಡಿ ಬಂದಿದ್ದರೆ ಒಳ್ಳೆಯದೆಂದು ನಮಗೆ ಅನೇಕ ಸಲ ಅನ್ನಿಸಿದೆ.

ಇಂಥವರಿಗೆ ಉಳಿದ ದಾರಿ ಲಸಿಕೆ. ಚರ್ಮಗಂಟಿಗೆ ಅದರ ಸಂಬಂಧಿಯಾದ ಆಡಿನ ಸಿಡುಬಿನ ಲಸಿಕೆಯನ್ನೇ ನಮ್ಮಲ್ಲಿ ಬಳಸಿದರು. ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆದ ಜೆನ್ನರನ ಯುಕ್ತಿಯೇ ಇದು. 2022ರ ಆಗಸ್ಟಿನಲ್ಲಿ ಹಿಸ್ಸಾರ್ ಮತ್ತು ಇಜ್ಜತ್‌ನಗರದ ಸಂಶೋಧನಾಲಯಗಳು ಚರ್ಮಗಂಟಿನ ವೈರಸ್ಸಿನಿಂದಲೇ ಮಾಡಿದ ಲಸಿಕೆಯನ್ನು ಪ್ರಕಟಿಸಿದುವು. ಆದರೆ ಇಲ್ಲಿಯೂ ಕಾಲ ತನ್ನ ಪಾಲನ್ನು ಕೇಳದೆ ಬಿಡದು. ಲಸಿಕೆ ಚುಚ್ಚಿದ ದಿನವೇ ದನಕ್ಕೆ ಕವಚ ತೊಡಿಸಿದಂತಾಗುವುದಿಲ್ಲ. ಮೈಯಲ್ಲಿ ಪ್ರತಿರೋಧ ಪೂರ್ತಿ ಬೆಳೆಯಲು ಮೂರು ವಾರಗಳ ಸುಮಾರು ಬೇಕು. ಗಾಡಿ ಹೂಡುವ ಮುನ್ನಾದಿನ ಲಸಿಕೆ ಹಾಕಿಸಿದವನು ಕಾಗದವನ್ನು ಪಡೆದನೇ ಹೊರತು ರಕ್ಷೆಯನ್ನಲ್ಲ. ಆದುದರಿಂದಲೇ ಲಸಿಕೆಯ ಪತ್ರದಲ್ಲಿ ಲಸಿಕೆ ಹಾಕಿಸಿದ ತಾರೀಖನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಪತ್ರ ಒಂದು ದನದ್ದು, ದನ ಇನ್ನೊಂದು ಎಂದಾದರೆ ಮಾಡಿದ್ದೆಲ್ಲ ವ್ಯರ್ಥ. ಅದಕ್ಕಾಗಿ ಈಗ ದನಗಳ ಕಿವಿಗೆ ಹನ್ನೆರಡು ಅಂಕಿಗಳ ಹಳದಿ ಬಿಲ್ಲೆಯನ್ನು ತೊಡಿಸುತ್ತಾರೆ. ಹನ್ನೆರಡು ಅಂಕಿಗಳಿಂದ ಒಂದು ಲಕ್ಷ ಕೋಟಿ ಸಂಖ್ಯೆಗಳನ್ನು ಮಾಡಬಹುದು. 2019ರ ಗಣತಿಯಂತೆ ದೇಶದ ದನ ಎಮ್ಮೆಗಳು ಸುಮಾರು 30 ಕೋಟಿ. ಎಷ್ಟು ತಲೆಮಾರು ಬಂದರೂ ಬಿಲ್ಲೆಗೆ ಬರವಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆರಂಭವಾದ ಕಾಲುಬಾಯಿ ಜ್ವರದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಈ ಸಂಖ್ಯೆಯ ಎದುರಿಗೇ ಲಸಿಕೆಯ ದಿನವನ್ನು ದಾಖಲುಮಾಡುತ್ತಾರೆ. ಕೆಲವರು ಬಿಲ್ಲೆಯಿಂದ ಎತ್ತಿನ ಅಂದ ಕೆಡುವುದೆಂದು ಅದನ್ನು ಕಿತ್ತುಹಾಕುವುದನ್ನೂ ನಾವು ಕಂಡಿದ್ದೇವೆ. ತನ್ನ ದನದ ಚರಿತ್ರೆಯನ್ನು ತಾನೇ ಅಳಿಸಿದ ಹಾಗಾಯಿತೆಂದು ಅವರಿಗೆ ತಿಳಿದಿಲ್ಲ.

ಇಷ್ಟೆಲ್ಲ ಮಾಡಿದರೆ ಫಲ ದೊರೆಯುವುದೇ? ದೊರೆತದ್ದಕ್ಕೆ ಸಾಕ್ಷಿ ಇದೆ. ನಮ್ಮ ಅಜ್ಜಂದಿರ ಕಾಲದಲ್ಲಿ ದೊಡ್ಡರೋಗವೆಂದರೆ ಊರಿಗೆ ಊರೇ ನಡುಗುತ್ತಿತ್ತು. ಒಂದೇ ವಾರದಲ್ಲಿ ಕೊಟ್ಟಿಗೆಗಳು ಬರಿದಾಗುತ್ತಿದ್ದುವು. ಈ ರೋಗದ ಅಭ್ಯಾಸಕ್ಕಾಗಿಯೇ 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಾಲಯವನ್ನು ತೆರೆದು, ಜನದಟ್ಟಣೆಯ ಊರಿನಲ್ಲಿ ಅಪಾಯವೆಂದು 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಒಯ್ದರು. ಅಲ್ಲಿಯೇ 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ರೋಗದ ವೈರಸ್ಸನ್ನು ಆಡುಗಳಲ್ಲಿ ಮೇಲಿಂದ ಮೇಲೆ ದಾಟಿಸಿ, ದನಗಳ ಪಾಲಿಗೆ ಅದರ ಹಲ್ಲು ಮುರಿದು ಲಸಿಕೆಯನ್ನು ಮಾಡಿದನು. 1954ರಲ್ಲಿ ಭಾರತದಾದ್ಯಂತ ನಿರ್ಮೂಲನ ಯೋಜನೆ ಮೊದಲಾಯಿತು. ಊರೂರಿನ ಲಸಿಕೆಯ ಜೊತೆಗೆ ರಾಜ್ಯ ರಾಜ್ಯಗಳ ಗಡಿಗಳಲ್ಲಿ ತಪಾಸಣೆಯ ಠಾಣೆಗಳೂ ಎದ್ದುವು. 1995ರ ಬಳಿಕ ನಮ್ಮ ದೇಶದಲ್ಲಿ ಈ ರೋಗ ಕಂಡಿಲ್ಲ. 2011ರಲ್ಲಿ ಭೂಮಂಡಲದಿಂದಲೇ ಅದು ಅಳಿಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ಅನಂತರ ಮಾನವನು ಬುಡಸಹಿತ ಕಿತ್ತ ರೋಗ ಇದೊಂದೇ. ಇದರಲ್ಲಿ ಪ್ರಕೃತಿಯ ಕೃಪೆಯೂ ಇತ್ತೆನ್ನಬೇಕು. ದೊಡ್ಡರೋಗದಿಂದ ಬದುಕಿ ಉಳಿದ ದನ ವೈರಸ್ಸನ್ನು ಪೂರ್ತಿ ಕಳೆದುಕೊಂಡು ಜೀವಮಾನವಿಡೀ ರಕ್ಷಣೆ ಪಡೆಯುತ್ತಿತ್ತು. ಕಾಲುಬಾಯಿ ಜ್ವರ ಹಾಗಲ್ಲ. ಚೇತರಿಸಿಕೊಂಡ ದನದ ಗಂಟಲಿನಲ್ಲಿ ವೈರಸ್ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಅಡಗಿ ಕೂತಿರುವುದುಂಟು.

ಕಾವು ದಿನಗಳದ್ದಾದರೆ ದಿನಗಟ್ಟಲೆ ಕಾಯಬಹುದು. ವರ್ಷಗಳದ್ದಾದರೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿದೆ. ಅಲ್ಲಿ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯನ್ನು ತೋಟಗಳಲ್ಲಿ ಸಾಕುತ್ತಾರೆ. ನಮ್ಮ ಕಾಡಿನ ಕಡವೆಗೆ ಅದು ದೂರದ ನೆಂಟ. ಮಾಂಸಕ್ಕಾಗಿ, ಕೊಂಬಿನ ಎಳೆಯ ಚಿಗುರಿಗಾಗಿ, ಬೇಟೆಯ ತೋಟಗಳಿಗಾಗಿ ಅವುಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವರು. 1967ರಲ್ಲಿ ಕೊಲರಾಡೊ ರಾಜ್ಯದಲ್ಲಿ ಸೆರೆಯಲ್ಲಿದ್ದ ಜಿಂಕೆಗಳಲ್ಲಿ ಕ್ಷಯಿಸಿ ಕ್ಷಯಿಸಿ ಸಾಯುವ ಒಂದು ವ್ಯಾಧಿ ಕಂಡಿತು. ಅದು ಮಿದುಳನ್ನು ತೂತು ತೂತಾಗಿಸುವ ರೋಗವೆಂದು ಹತ್ತು ವರ್ಷಗಳ ಮೇಲೆ ತಿಳಿಯಿತು. ಇದಕ್ಕೆ ಕಾರಣ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ಪ್ರಿಯಾನ್ ಎಂಬ, ತಪ್ಪಾಗಿ ಮಡಿಸಿಕೊಂಡ ಪ್ರೋಟೀನು. ಅದು ತನ್ನ ನೆರೆಯ ಸರಿಯಾದ ಪ್ರೋಟೀನುಗಳನ್ನೂ ತನ್ನಂತೆಯೇ ಮಡಿಸುತ್ತ ಹೋಗುವುದು. ಈ ಮಡಿಕೆ ಎಷ್ಟು ನಿಧಾನವೆಂದರೆ, ಸೋಂಕು ತಗುಲಿದ ಎಲ್ಕ್ ಒಂದೂವರೆ ಎರಡು ವರ್ಷ, ಕೆಲವು ಸಲ ಇನ್ನೂ ಹೆಚ್ಚು ಕಾಲ, ಪೂರ್ಣ ಆರೋಗ್ಯವಂತನಂತೆ ಮೇಯುತ್ತಿರುತ್ತದೆ. ಖಚಿತವಾದ ಪರೀಕ್ಷೆಗೆ ಸತ್ತ ಪ್ರಾಣಿಯ ಮಿದುಳೇ ಬೇಕು. ಲಸಿಕೆಯಿಲ್ಲ, ಮದ್ದಿಲ್ಲ, ಮಣ್ಣಿಗೆ ಬಿದ್ದ ಪ್ರಿಯಾನು ವರ್ಷಗಟ್ಟಲೆ ಕೆಡುವುದೂ ಇಲ್ಲ.

ಹೀಗಿರುವಾಗ ರಾಜ್ಯದ ಗಡಿಯಲ್ಲಿ ಲಾರಿಯನ್ನು ನಿಲ್ಲಿಸಿ ಎಲ್ಕಿನ ಮುಖ ನೋಡಿ ಫಲವೇನು? ಅಲ್ಲಿಯ ಒಕ್ಕೂಟ ಸರ್ಕಾರವು 2012ರಲ್ಲಿ ಜಾರಿಗೆ ತಂದ ನಿಯಮವು ಒಂದು ಪ್ರಾಣಿಗಿಂತ ಅದು ಬಂದ ಹಿಂಡನ್ನು ವಿಚಾರಿಸುತ್ತದೆ. ಹಿಂಡನ್ನು ಐದು ವರ್ಷ ನಿಗಾದಲ್ಲಿಟ್ಟು, ಹನ್ನೆರಡು ತಿಂಗಳು ತುಂಬಿದ ಯಾವ ಪ್ರಾಣಿ ಯಾವ ಕಾರಣದಿಂದ ಸತ್ತರೂ ಅದರ ಮಿದುಳನ್ನು ಪರೀಕ್ಷಿಸಿ, ಒಮ್ಮೆಯೂ ರೋಗ ಕಾಣದಿದ್ದರೆ ಮಾತ್ರ ಆ ಹಿಂಡಿಗೆ ಯೋಗ್ಯತಾಪತ್ರ ಸಿಗುವುದು. ಹಾಗೆ ಪತ್ರ ಪಡೆದ ಹಿಂಡಿನ ಪ್ರಾಣಿಯೇ ರಾಜ್ಯದ ಗಡಿಯನ್ನು ದಾಟಬಹುದು. ಅದರ ಮೈಮೇಲೆ ಒಂದಲ್ಲ, ಎರಡು ಗುರುತುಗಳಿರಬೇಕು. ನಮ್ಮಲ್ಲಿ 28 ದಿನ, ಅಲ್ಲಿ ಐದು ವರ್ಷ. ಸೂತ್ರ ಒಂದೇ, ಕಾವಿನ ಅಂಕಿ ಮಾತ್ರ ಬೇರೆ. ಈ ನಿಯಮ ಬರುವ ಬಹಳ ಮೊದಲೇ ಕೆನಡಾದಿಂದ ಕೊಂಡ ಎಲ್ಕುಗಳೊಡನೆ ರೋಗವು ಶಾಂತಸಾಗರವನ್ನು ದಾಟಿ ದಕ್ಷಿಣ ಕೊರಿಯವನ್ನು ಸೇರಿತ್ತು. ಅಲ್ಲಿ ಅದು ಬೆಳಕಿಗೆ ಬಂದದ್ದು 2001ರಲ್ಲಿ. ನಮ್ಮ ದೇಶದಲ್ಲಿ ಜಿಂಕೆ ಸಾಕಣೆಯ ವ್ಯಾಪಾರವಿಲ್ಲ. ಈ ರೋಗವೂ ಕಂಡುಬಂದಿಲ್ಲ.

ಕಟ್ಟಳೆಗಳಿಗೆ ಸಿಕ್ಕದ ಪ್ರಯಾಣಿಕರೂ ಇದ್ದಾರೆಂಬುದನ್ನು ಮರೆಯಬಾರದು. ನೊಣಕ್ಕೆ ಯಾವ ಠಾಣೆಯೂ ಅಡ್ಡಿಯಲ್ಲ. ಗಾಳಿಯಂತೂ ಕೇಳಲೇಬೇಡಿರಿ. 1981ರ ಮಾರ್ಚಿಯಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತದ ಹಂದಿಗಳಿಂದ ಹೊರಟ ಕಾಲುಬಾಯಿ ಜ್ವರದ ವೈರಸ್, ಗಾಳಿಯಲ್ಲಿ ತೇಲಿ, ಸುಮಾರು 250 ಕಿಲೋಮೀಟರು ಕಡಲನ್ನು ದಾಟಿ ಇಂಗ್ಲೆಂಡಿನ ವೈಟ್ ದ್ವೀಪದ ದನಗಳನ್ನು ಮುಟ್ಟಿತು. ತೇವಭರಿತ ಗಾಳಿಯಲ್ಲಿ ವೈರಸ್ ಬೇಗ ಒಣಗಿ ಸಾಯುವುದಿಲ್ಲ; ಕಡಲಿನ ಮೇಲೆ ಗಾಳಿ ಪದರ ಪದರವಾಗಿ ಶಾಂತವಾಗಿ ಹರಿಯುವುದರಿಂದ ಅದು ಚೆದರುವುದೂ ಕಡಿಮೆ. ನಮ್ಮ ಬಯಲುಸೀಮೆಯ ಕಾದ ನೆಲದ ಮೇಲೆ ಗಾಳಿ ಸುಳಿಸುಳಿಯಾಗಿ ಮೇಲೇಳುವುದರಿಂದ ವೈರಸ್ ಬೇಗನೆ ಚೆದರಿ ತೆಳುವಾಗುವುದು. ಇಲ್ಲಿ ರೋಗವನ್ನು ದೂರಕ್ಕೆ ಒಯ್ಯುವುದು ಬಹುಮಟ್ಟಿಗೆ ದನವೇ, ಮತ್ತು ಅದನ್ನು ಹೇರಿದ ಗಾಡಿ.

ಕಳೆದ ದೀಪಾವಳಿಯಲ್ಲಿ ನಾವು ಗೋಕಾಕದ ಬಂಧುಗಳ ಮನೆಗೆ ಹೋಗಿದ್ದೆವು. ಅವರು ಮತ್ತೊಂದು ಆಕಳನ್ನು ತಂದಿದ್ದರು. ಅದನ್ನು ಹಳೆಯ ಕೊಟ್ಟಿಗೆಯಲ್ಲಿ ಕಟ್ಟಿರಲಿಲ್ಲ. ಹಿತ್ತಲಿನ ಆಚೆ, ಕಣದ ಅಂಚಿನಲ್ಲಿ ತಗಡಿನ ಮಾಡು ಹಾಕಿ, ಬೇರೆ ಬಕೆಟ್ಟು, ಬೇರೆ ಗೋದಲೆ ಇಟ್ಟಿದ್ದರು. ಸಂಜೆಯಾಗುತ್ತಲೇ ನೊಣ ಓಡಿಸಲು ಬೇವಿನ ಸೊಪ್ಪಿನ ಹೊಗೆ ಹಾಕಿದರು. ತಾಯಿಯನ್ನು ಕಳೆದುಕೊಂಡ ಅಂದಿನ ಕರು ಈಗ ಗಬ್ಬವಾಗಿ ಹಳೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಮಾಡಿನ ಕಂಬದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆಗಳನ್ನು ಎಳೆದಿದ್ದರು, ದಿನಕ್ಕೊಂದರಂತೆ. ನಾವು ಎಣಿಸಿದೆವು, ಹತ್ತೊಂಬತ್ತು ಇದ್ದುವು. ಆಕಳು ಹುಲ್ಲು ಮೇಯುತ್ತಿತ್ತು. ಇನ್ನೂ ಒಂಬತ್ತು ದಿನಗಳಾದ ಮೇಲೆ ಅದನ್ನು ಒಳಗೆ ಕಟ್ಟುವುದೆಂದು ಯಜಮಾನರು ಹೇಳಿದರು.